ಟೂಲ್‌ಬಾರ್ ತೆಗೆಯಲು ಹೋದ ಮನೆಗಳು

ಕಂಪ್ಯೂಟರ್ ರಿಪೇರಿಗೆ ಹೋದವನಿಗೆ ಕಂಪ್ಯೂಟರ್ ಒಂದೇ ಸಿಗುವುದಿಲ್ಲ, ಮನೆಯವರೂ ಸಿಗುತ್ತಾರೆ. ಹಾಗಾಗಿ ಈಗ ಹೇಳಹೊರಟಿರುವಂಥವೆಲ್ಲ ಆಗುತ್ತಲೇ ಇರುತ್ತವೆ.

ಎರಡು ಸಾವಿರದ ಐದು, ಆರರ ಆಸುಪಾಸಿನ ಮಾತು. ಉಡುಪಿಯಲ್ಲಿ ನನಗೆ ಅಂಗಡಿ ಇರಲಿಲ್ಲ. ಒಂದು ಹಳೆಯ ಸ್ಕೂಟರ್, ಒಂದು ಹೆಗಲ ಚೀಲ, ಅದರೊಳಗೆ ಸ್ಕ್ರೂಡ್ರೈವರ್, ಧೂಳು ಹೊಡೆಯುವ ಬ್ರಶ್, ಒಂದಷ್ಟು ಸಿ.ಡಿ. ಇಷ್ಟೇ ನನ್ನ ಬಂಡವಾಳ. ಆ ಕಾಲದಲ್ಲಿ ಕಂಪ್ಯೂಟರಿಗೆ ಯಾವ ರೋಗ ಬಂದರೂ ನಮ್ಮ ಕಸುಬಿನವರದ್ದು ಒಂದೇ ಔಷಧ: ಫಾರ್ಮ್ಯಾಟ್. ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬುವುದು. ನಾನೂ ಹಾಗೆ ಮಾಡಿ ಒಂದು ಮನೆಯ ಮದುವೆಯ ಫೋಟೋಗಳನ್ನೆಲ್ಲ ಅಳಿಸಿಬಿಟ್ಟಿದ್ದೆ. ಆ ಮದುಮಗಳು ಗೊಳೋ ಎಂದು ಅತ್ತದ್ದನ್ನು ನೋಡಿದ ಮೇಲೆ ಇನ್ನು ಸತ್ತರೂ ಫಾರ್ಮ್ಯಾಟ್ ಮಾಡುವುದಿಲ್ಲ ಎಂದು ನಿರ್ಧರಿಸಿದೆ. "ಅವನು ಅಳಿಸದೆ ಸರಿ ಮಾಡುತ್ತಾನೆ" ಎಂಬ ಮಾತು ಬಾಯಿಂದ ಬಾಯಿಗೆ ಹರಡಿ ನನಗೆ ಅನ್ನ ಕೊಡುತ್ತಿತ್ತು. ಒಂದು ಮನೆಯಲ್ಲಿ ಸೋತರೆ ಹತ್ತು ಮನೆಯ ಬಾಗಿಲು ಮುಚ್ಚುತ್ತದೆಂಬ ಹೆದರಿಕೆಯೂ ಜೊತೆಗಿತ್ತು.

ಹತ್ತರಲ್ಲಿ ಎಂಟು ಕಡೆ ರೋಗದ ಮೂಲ ಬ್ರೌಸರ್. ಇಂಟರ್ನೆಟ್ ನೋಡುವ ಆ ಕಿಟಕಿಯ ತಲೆಯ ಮೇಲೆ ಟೂಲ್‌ಬಾರ್ ಎಂಬ ಪಟ್ಟಿಗಳು ಬಂದು ಕೂರುತ್ತಿದ್ದವು. ಪುಕ್ಕಟೆಯಾಗಿ ಬರುವವು, ಹವಾಮಾನ ಹೇಳುವುದು, ನಗುವ ಮುಖ ಕೊಡುವುದು, ಹಾಡು ಹುಡುಕುವುದು, ಹೀಗೆ ಏನೋ ಒಂದು ನೆಪ. ಕಂಪ್ಯೂಟರ್ ಹಾಕಿದ ಕೂಡಲೇ ಇವೂ ಎದ್ದು, ಹಿಂದೆ ಕಾಣದ ಹಾಗೆ ಕೂತು ಕಂಪ್ಯೂಟರಿನ ಮಿದುಳಾದ ಪ್ರೊಸೆಸರನ್ನು ಮೇಯುತ್ತಿದ್ದವು. ಯಾವುದು ಎಷ್ಟು ಮೇಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಒಂದೊಂದನ್ನೇ ಹಿಡಿದು ಹೊರಗೆ ಹಾಕುವುದೇ ನನ್ನ ಕೆಲಸ. ಟೂಲ್‌ಬಾರ್ ಹೊರಡುತ್ತಿತ್ತು. ಮನೆಯವರು ಬಿಡಬೇಕಲ್ಲ!

ದಾಕ್ಷಿಣ್ಯ

ಅಂಬಲಪಾಡಿಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರು. ಅವರ ಬ್ರೌಸರ್ ತೆರೆದರೆ ಮೇಲಿನಿಂದ ಕೆಳಗೆ ಏಳು ಟೂಲ್‌ಬಾರ್. ಪತ್ರಿಕೆ ಓದಲು ಉಳಿದದ್ದು ಅಡಿಯಲ್ಲಿ ಮೂರು ಬೆರಳಿನಷ್ಟು ಜಾಗ. ಅದರಲ್ಲೇ ಒಂದೊಂದು ಸಾಲು ಉರುಳಿಸಿ ಉರುಳಿಸಿ ಓದುತ್ತಿದ್ದರು.

"ಇಷ್ಟನ್ನೆಲ್ಲ ಯಾರು ಹಾಕಿದ್ದು ಸಾರ್?" ಎಂದು ಕೇಳಿದೆ.

"ನಾನೇ. ಒಪ್ಪಿಗೆ ಉಂಟೋ ಅಂತ ಕೇಳಿದವು. ಅಷ್ಟು ಮರ್ಯಾದೆಯಿಂದ ಕೇಳುವಾಗ ಇಲ್ಲ ಅನ್ನುವುದು ಹೇಗೆ?"

ಒಪ್ಪಿಗೆ ಎಂದರೆ ಅಂಥಿಂಥ ಒಪ್ಪಿಗೆಯಲ್ಲ. ಟೂಲ್‌ಬಾರ್ ಜೊತೆ ಬರುವ, ಯಾರೂ ಓದದ ಆ ಇಪ್ಪತ್ತು ಪುಟದ ಕರಾರನ್ನು ಅವರು ಡಿಕ್ಷನರಿ ಇಟ್ಟುಕೊಂಡು ಪೂರ್ತಿ ಓದಿ, ನಾಲ್ಕು ವ್ಯಾಕರಣ ತಪ್ಪುಗಳನ್ನು ಚೀಟಿಯಲ್ಲಿ ಗುರುತು ಹಾಕಿ, ಆಮೇಲೆ ಒಪ್ಪಿದ್ದರು. ಪ್ರಪಂಚದಲ್ಲಿ ಅದನ್ನು ಬರೆದ ವಕೀಲನ ನಂತರ ಓದಿದವರು ಇವರೊಬ್ಬರೇ ಇರಬೇಕು.

ಆರನ್ನು ಕಿತ್ತೆ. ಏಳನೆಯದಕ್ಕೆ ಕೈ ಹಾಕಿದಾಗ ಒಂದು ಚೌಕ ಮೂಡಿತು: ನಮ್ಮನ್ನು ತೆಗೆಯುತ್ತಿರುವುದು ಬೇಸರದ ಸಂಗತಿ, ದಯವಿಟ್ಟು ಕಾರಣ ತಿಳಿಸಿ. ನಾನು ಅದನ್ನು ಮುಚ್ಚುವಷ್ಟರಲ್ಲಿ ಹೆಡ್‌ಮಾಸ್ಟರು "ನಿಲ್ಲಿ ನಿಲ್ಲಿ" ಎಂದರು. ನನ್ನನ್ನು ಎಬ್ಬಿಸಿ ತಾವು ಕೂತು, ಮಾನ್ಯರೇ ಎಂದು ಶುರು ಮಾಡಿ ಇಂಗ್ಲಿಷಿನಲ್ಲಿ ಒಂದು ಪತ್ರವನ್ನೇ ಬರೆದರು. ತಮ್ಮ ಸೇವೆಯಲ್ಲಿ ಯಾವ ಲೋಪವೂ ಇಲ್ಲ, ನಮ್ಮ ಯಂತ್ರಕ್ಕೆ ಶಕ್ತಿ ಸಾಲದು, ಅನ್ಯಥಾ ಭಾವಿಸಬಾರದು, ಇಂತೀ ತಮ್ಮ ವಿಶ್ವಾಸಿ. ಕಳಿಸಿದ ಕೂಡಲೇ ಅದು ಮತ್ತೆ ಕೇಳಿತು: ಇನ್ನೊಂದು ಅವಕಾಶ ಕೊಡುತ್ತೀರಾ?

ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. "ಪಾಪ, ಇಷ್ಟು ಕೇಳುವಾಗ..." ಎಂದು ಹೌದು ಒತ್ತಿಯೇಬಿಟ್ಟರು.

ಒಂದೇ ತಾನೆ, ಇರಲಿ ಎಂದು ಬಿಟ್ಟು ಬಂದೆ. ತಿಂಗಳಾದ ಮೇಲೆ ಫೋನ್ ಮಾಡಿ ಕಂಪ್ಯೂಟರ್ ಹೇಗಿದೆ ಎಂದು ವಿಚಾರಿಸಿದೆ.

"ಚೆನ್ನಾಗಿ ಉಂಟು. ಅದೊಂದೇ ಇತ್ತಲ್ಲ, ಬೇಜಾರಾಗಬಾರದು ನೋಡಿ. ಮೊನ್ನೆ ಇನ್ನೊಂದು ಬರಲೋ ಅಂತ ಕೇಳಿತು. ಬಾ ಅಂದೆ."

ಖಾಲಿ ಕೂತವರು

ಉಡುಪಿ ಬಸ್ ಸ್ಟ್ಯಾಂಡಿನ ಹತ್ತಿರ ಬಸ್ಸಿನ ಟಿಕೆಟ್ ಬುಕ್ ಮಾಡುವ ಒಂದು ಆಫೀಸು. ಮಾಲೀಕರು ಭಾರೀ ಚುರುಕು. ನೌಕರರು ನಿಂತಲ್ಲಿ ನಿಂತರೆ ಅವರಿಗೆ ತಡೆಯುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ಸೀಟು ತೋರಿಸಲು ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಗೆ ಹೋಗಿಯಾಗಿರುತ್ತಿತ್ತು.

ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದೆ. "ನೋಡಿ, ಪ್ರೊಸೆಸರ್ ನೂರಕ್ಕೆ ನೂರು ಓಡುತ್ತಾ ಉಂಟು."

"ಶಾಭಾಸ್!" ಎಂದರು ಮಾಲೀಕರು. ಆಫೀಸಿನಲ್ಲಿ ಒಬ್ಬನಾದರೂ ಮೈಮುರಿದು ದುಡಿಯುವವನು ಸಿಕ್ಕಿದನಲ್ಲ ಎಂಬ ಸಂತೋಷ ಅವರ ಮುಖದಲ್ಲಿ ಕಂಡಿತು.

ಅದು ಒಳ್ಳೆಯದಲ್ಲ ಎಂದು ತಿಳಿಹೇಳಿ, ಅರ್ಧ ಗಂಟೆ ಬೆವರು ಸುರಿಸಿ ಐದು ಟೂಲ್‌ಬಾರ್ ತೆಗೆದೆ. ಸೀಟುಗಳು ಪಟಪಟನೆ ಬರತೊಡಗಿದವು. ಹೆಮ್ಮೆಯಿಂದ ಮತ್ತೆ ಅದೇ ಲೆಕ್ಕ ತೋರಿಸಿದೆ. "ನೋಡಿ, ಈಗ ನಾಲ್ಕು ಪರ್ಸೆಂಟ್ ಮಾತ್ರ."

ಮಾಲೀಕರ ಮುಖ ಇಳಿದುಹೋಯಿತು. "ನಾಲ್ಕಾ? ಹಾಗಾದರೆ ಉಳಿದ ತೊಂಬತ್ತಾರು ಎಂತ ಮಾಡ್ತಾ ಉಂಟು?"

"ಖಾಲಿ ಕೂತಿದೆ. ಬೇಕಾದಾಗ ಏಳುತ್ತದೆ."

ಅವರು ಕೌಂಟರಿನ ಕಡೆ ಒಮ್ಮೆ ತಿರುಗಿ ನೋಡಿ ಹೇಳಿದರು: "ಬೇಕಾದಾಗ ಏಳುವವರು ನನ್ನಲ್ಲಿ ಈಗಾಗಲೇ ಇಬ್ಬರು ಇದ್ದಾರೆ ಮಾರಾಯ್ರೆ. ಇದನ್ನೂ ಅವರ ಜೊತೆ ಸೇರಿಸಿಬಿಟ್ಟಿರಲ್ಲ!"

ಕವಡೆಯಲ್ಲಿ ಕಂಡದ್ದು

ಕಾರ್ಕಳದ ಒಬ್ಬ ಜೋಯಿಸರು ಜಾತಕವನ್ನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದರು, ಕವಡೆ ಹಾಕಿ ಪ್ರಶ್ನೆ ನೋಡುವುದನ್ನು ಮಾತ್ರ ಕೈಯಲ್ಲೇ. ಕಂಪ್ಯೂಟರ್ ತೆವಳತೊಡಗಿ ಎಂಟು ದಿನಗಳಿಂದ ಜಾತಕಗಳೆಲ್ಲ ರಾಶಿ ಬಿದ್ದಿದ್ದವು. ನಾನು ಹೋದಾಗ ಮಣೆಯ ಮೇಲೆ ಕವಡೆ ಹರಡಿಕೊಂಡು ಕೂತಿದ್ದರು.

"ಯಂತ್ರದ ವಿಷಯ ನಾನೇ ಪ್ರಶ್ನೆ ಇಟ್ಟು ನೋಡಿದೆ" ಎಂದರು. "ಒಳಗೆ ಒಂದು ಬಂದು ಸೇರಿಕೊಂಡಿದೆ. ಹೊರಗಿನದ್ದು. ಕಣ್ಣಿಗೆ ಕಾಣುವುದಿಲ್ಲ. ಬೇರೆಯವರ ಪಾಲನ್ನು ಅದು ಉಣ್ಣುತ್ತಾ ಉಂಟು. ಬಂದದ್ದು ಹೆಣ್ಣಿನ ಮೂಲಕ. ಹತ್ತಿರದ ಸಂಬಂಧ."

ನಾನು ನಗು ತಡೆದುಕೊಂಡು ಕಂಪ್ಯೂಟರ್ ತೆರೆದೆ. ಟಾಸ್ಕ್ ಮ್ಯಾನೇಜರಿನಲ್ಲಿ ಒಂದೇ ಒಂದು ಹೆಸರು ತೊಂಬತ್ತೆಂಟು ಪರ್ಸೆಂಟ್ ನುಂಗಿ ಕೂತಿತ್ತು: ನಗುವ ಗೊಂಬೆಮುಖಗಳನ್ನು ಕೊಡುವ ಟೂಲ್‌ಬಾರು. ಯಾರು ಹಾಕಿದ್ದೆಂದು ವಿಚಾರಿಸಿದರೆ ಅಡುಗೆಮನೆಯಿಂದ ಉತ್ತರ ಬಂತು. ರಜೆಗೆ ಬಂದಿದ್ದ ಜೋಯಿಸರ ನಾದಿನಿ.

ನನ್ನ ನಗು ಅಲ್ಲೇ ನಿಂತಿತು. ಹೊರಗಿನದ್ದು ಹೌದು, ಕಾಣದ್ದು ಹೌದು, ಬೇರೆಯವರ ಪಾಲು ಉಣ್ಣುವುದು ಹೌದು, ಹೆಣ್ಣಿನ ಮೂಲಕ ಬಂದದ್ದೂ ಹೌದು! ನಾನು ಆರು ವರ್ಷ ಕಲಿತ ವಿದ್ಯೆಯನ್ನು ಅವರು ಹನ್ನೆರಡು ಕವಡೆಯಲ್ಲಿ ಮುಗಿಸಿದ್ದರು. ಅದನ್ನು ಕಿತ್ತು ಹಾಕಿ, ಕೈ ಮುಗಿದು, "ಎಲ್ಲ ಸರಿಯಾಗಿಯೇ ಕಂಡಿದೆ ನಿಮಗೆ" ಎಂದೆ.

"ಪರಿಹಾರ ಪಶ್ಚಿಮ ದಿಕ್ಕಿನಿಂದ, ಎರಡು ಚಕ್ರದ ಮೇಲೆ ಬರುತ್ತದೆಂದೂ ಕಂಡಿತ್ತು" ಎಂದು ಜೋಯಿಸರು ಗಡಿಯಾರ ನೋಡಿದರು. "ಹತ್ತು ಗಂಟೆಗೆ ಬರುತ್ತೇನೆಂದು ಹೇಳಿ ಒಂದೂವರೆಗೆ ಬರುತ್ತದೆಂದು ಮಾತ್ರ ಕಾಣಲಿಲ್ಲ."

ಸಿಲಬಸ್

ನಿಟ್ಟೆಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದ ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ನಾಲ್ವರಿಗೂ ಸೇರಿ ಒಂದು ಕಂಪ್ಯೂಟರು. ಅದು ನಿಧಾನವಾಯಿತೆಂದು ಒಬ್ಬ ವೇಗ ಹೆಚ್ಚಿಸುವ ಟೂಲ್ ಹಾಕಿದ. ಅದರಿಂದ ಇನ್ನೂ ನಿಧಾನವಾಯಿತು. ಇನ್ನೊಬ್ಬ ಅದಕ್ಕಿಂತ ಜೋರಿನದ್ದು ಹಾಕಿದ. ಹೀಗೆ ನಾಲ್ಕು. ಒಂದು ಇನ್ನೊಂದನ್ನು ಕಳ್ಳನೆಂದು ಹಿಡಿದು ನಿಲ್ಲಿಸುವುದು, ಅದು ಮತ್ತೆ ಎದ್ದು ಇದನ್ನು ಹಿಡಿಯುವುದು. ಒಳಗೆ ದಿನವಿಡೀ ಪೊಲೀಸರೇ ಪೊಲೀಸರನ್ನು ಓಡಿಸುತ್ತಿದ್ದರು.

ನಾನು ಕೆಲಸ ಮಾಡುತ್ತಿದ್ದಷ್ಟು ಹೊತ್ತೂ ಅವರಲ್ಲಿ ಕನ್ನಡಕದವನು ಪ್ರೊಸೆಸರ್ ಹೇಗೆ ಯೋಚಿಸುತ್ತದೆಂದು ನನಗೆ ಪಾಠ ಮಾಡಿದ. ಚಿತ್ರ ಬರೆದು ತೋರಿಸಿದ. ನನಗೆ ನಿಜವಾಗಿಯೂ ಅರ್ಧ ಅರ್ಥವಾಗಲಿಲ್ಲ.

"ಇಷ್ಟೆಲ್ಲ ಗೊತ್ತಿದ್ದೂ ಇದನ್ನು ತೆಗೆಯಲು ನನ್ನನ್ನು ಯಾಕೆ ಕರೆಸಿದ್ದು ಮಾರಾಯ?" ಎಂದು ಕೇಳಿದೆ.

ಅವನು ಸ್ವಲ್ಪವೂ ಅಳುಕದೆ ಹೇಳಿದ: "ಪ್ರೊಸೆಸರ್ ಒಳಗೆ ಎಂತ ಆಗ್ತದೆ ಅಂತ ಸಿಲಬಸ್‌ನಲ್ಲಿ ಉಂಟು ಸರ್. ಹೊರಗೆ ಹಾಕುವುದು ಇಲ್ಲ."

ಕಾಪುವಿನ ಶುಕ್ರವಾರ

ಕಾಪುವಿನಲ್ಲಿ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಒಂದು ಮನೆ. ಮಗ ಗಲ್ಫಿನಲ್ಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಇಲ್ಲಿ ಅವನಿಗೆ ಹೆಣ್ಣು ಮಗು ಹುಟ್ಟಿ ನಲವತ್ತು ದಿನ ಆಗಿತ್ತು. ಅವನು ಮಗುವಿನ ಮುಖ ನೋಡಿರಲಿಲ್ಲ. ವಿಡಿಯೋ ಕರೆ ಮಾಡಲು ಗೆಳೆಯನ ರೂಮಿನ ಕಂಪ್ಯೂಟರ್ ಅವನಿಗೆ ಸಿಗುವುದು ಶುಕ್ರವಾರ ಒಂದು ತಾಸು ಮಾತ್ರ, ನಮ್ಮ ಲೆಕ್ಕದಲ್ಲಿ ಸಂಜೆ ನಾಲ್ಕೂವರೆಯಿಂದ. ಹಿಂದಿನ ಎರಡು ಶುಕ್ರವಾರ ಇಲ್ಲಿನ ಕಂಪ್ಯೂಟರ್ ಕೈ ಕೊಟ್ಟು, ಅವನಿಗೆ ಕಂಡದ್ದು ಬರೀ ಬಣ್ಣ ಬಣ್ಣದ ಚೌಕಗಳಂತೆ. ಮೂರನೆಯ ಶುಕ್ರವಾರ ಮೂರು ಗಂಟೆಗೆ ನನ್ನನ್ನು ಕರೆಸಿದರು.

ಮನೆಯಲ್ಲಿದ್ದವರು ಅವನ ತಾಯಿ, ಎಲ್ಲರೂ ಉಮ್ಮ ಎನ್ನುವುದು, ಬಾಣಂತಿ ಸೊಸೆ, ಮತ್ತು ಸೊಸೆಯ ಅಣ್ಣ. ಅಣ್ಣನದ್ದು ಬಾಗಿಲಲ್ಲೇ ಶುರು: "ಫಾರ್ಮ್ಯಾಟ್ ಮಾಡಿಬಿಡಿ, ತಲೆಬಿಸಿಯೇ ಬೇಡ." ಒಂದೂವರೆ ಗಂಟೆಯಲ್ಲಿ ಫಾರ್ಮ್ಯಾಟ್ ಮುಗಿಯುವುದಿಲ್ಲ, ಮನೆಯವರ ಫೋಟೋಗಳೂ ಅದರಲ್ಲೇ ಇವೆ ಎಂದು ಹೇಳಿ ಕೂತೆ.

ಆರು ಟೂಲ್‌ಬಾರ್ ಸಿಕ್ಕಿದವು. ಒಂದು ಅಲ್ಲಿನ ಸಮಯ ತೋರಿಸುವುದು, ಒಂದು ಅಲ್ಲಿನ ಬಿಸಿಲು, ಒಂದು ಅಲ್ಲಿನ ಸುದ್ದಿ, ಒಂದು ವಿಮಾನ ಹೊರಡುವ ಹೊತ್ತು, ಒಂದು ನಮಾಜಿನ ವೇಳೆ, ಒಂದು ಅಲ್ಲಿನ ಹಣಕ್ಕೆ ಇಲ್ಲಿನ ರೂಪಾಯಿ. ಎಲ್ಲವೂ ಅವನೊಬ್ಬನಿಗಾಗಿಯೇ ಹಾಕಿಸಿದ್ದು, ಎಲ್ಲವೂ ಸೇರಿ ಅವನನ್ನೇ ಅಡ್ಡಗಟ್ಟಿ ನಿಂತಿದ್ದವು.

"ಉಮ್ಮ, ಈ ಬಿಸಿಲಿನದ್ದು ತೆಗೆಯಲಾ?"

"ಬೇಡ ಮೋನೇ." ಮೋನೇ ಅಂದರೆ ಮಗನೇ ಎಂದು. "ಅಲ್ಲಿ ಎಷ್ಟು ಬಿಸಿಲು ಅಂತ ಗೊತ್ತಾಗದಿದ್ದರೆ ಟೊಪ್ಪಿ ಹಾಕು ಅಂತ ಅವನಿಗೆ ಬೈಯುವುದು ಹೇಗೆ?"

"ಬಿಸಿಲು ಇದ್ದೇ ಇರ್ತದೆ ಉಮ್ಮ, ಗಲ್ಫ್ ಅಲ್ವಾ. ನೀವು ನೋಡದೆಯೇ ಬೈಯಬಹುದು."

ಉಮ್ಮ ಯೋಚಿಸಿ ಒಪ್ಪಿದರು. ಸಮಯದ್ದಕ್ಕೆ ಗೋಡೆಗೆ ಇನ್ನೊಂದು ಗಡಿಯಾರ ತೂಗುಹಾಕುವುದೆಂದು ರಾಜಿಯಾಯಿತು. ಹೀಗೆ ಒಂದೊಂದಕ್ಕೂ ಪಂಚಾಯಿತಿ ನಡೆದು ಆರೂ ಹೋಗುವಷ್ಟರಲ್ಲಿ ನಾಲ್ಕು ಇಪ್ಪತ್ತೈದು. ನೂರರಲ್ಲಿದ್ದ ಪ್ರೊಸೆಸರ್ ಹತ್ತಕ್ಕೆ ಇಳಿದಿತ್ತು. ನನ್ನ ಅಂಗಿ ಮಾತ್ರ ಬೆನ್ನಿಗೆ ಅಂಟಿತ್ತು.

ಕರೆ ಬಂತು. ಚಿತ್ರ ಮೂಡಿತು, ಒಂದೂ ಚೌಕವಿಲ್ಲದೆ, ಕನ್ನಡಿಯ ಹಾಗೆ. ಗೀಟಿನ ಅಂಗಿ ಹಾಕಿದ ಮಗ. ಸೊಸೆ ಮಗುವನ್ನು ಎತ್ತಿ ಕ್ಯಾಮೆರಾದ ಮುಂದೆ ಹಿಡಿದಳು.

ಅವನು ಅಲುಗಲಿಲ್ಲ. ಮಾತಾಡಲಿಲ್ಲ. ರೆಪ್ಪೆ ಬಡಿಯಲಿಲ್ಲ. ಐದು ಸೆಕೆಂಡು, ಹತ್ತು ಸೆಕೆಂಡು. ಬಾಯಿ ಅರ್ಧ ತೆರೆದದ್ದು ಹಾಗೆಯೇ ಉಳಿದಿತ್ತು.

"ಹ್ಯಾಂಗ್!" ಎಂದ ಅಣ್ಣ. "ನಾನು ಆಗಲೇ ಹೇಳಿದೆ, ಫಾರ್ಮ್ಯಾಟ್ ಅಂತ!"

ಅಷ್ಟು ವರ್ಷದ ಅಭ್ಯಾಸ, ಅಲುಗದ್ದನ್ನು ಕಂಡರೆ ಕೈ ತಾನಾಗಿಯೇ ಹೋಗುತ್ತದೆ. ಸೀದಾ ರೀಸ್ಟಾರ್ಟ್ ಗುಂಡಿ ಒತ್ತಿಬಿಟ್ಟೆ.

ಅದು ಮತ್ತೆ ಎದ್ದು ಕೂರಲು ನಾಲ್ಕು ನಿಮಿಷ ತೆಗೆದುಕೊಂಡಿತು. ಆ ನಾಲ್ಕು ನಿಮಿಷದಲ್ಲಿ ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮತ್ತೆ ಕರೆ ಸಿಕ್ಕಿದಾಗ ಮಗ ಬ್ಯಾರಿ ಭಾಷೆಯಲ್ಲಿ ಒಂದೇ ಉಸಿರಿಗೆ ಏನೋ ಕೂಗಿದ. ಉಮ್ಮ ಸೆರಗಿನಿಂದ ಕಣ್ಣು ಒರಸುತ್ತಾ ನನಗೆ ಕನ್ನಡದಲ್ಲಿ ಹೇಳಿದರು:

"ಯಾರು ಕಟ್ ಮಾಡಿದ್ದು ಅಂತ ಕೇಳ್ತಾ ಇದ್ದಾನೆ. ಅವನಿಗೆ ಎಂತದೂ ಆಗಿರಲಿಲ್ಲವಂತೆ ಮೋನೇ. ಮಗಳನ್ನು ನೋಡ್ತಾ ಇದ್ದನಂತೆ."

ನಾನು ನೆಲ ನೋಡಿದೆ. ಅಣ್ಣ ಸೀಲಿಂಗ್ ನೋಡಿದ. ಸೊಸೆ ಮಗುವನ್ನು ಮತ್ತೆ ಎತ್ತಿ ಹಿಡಿದಳು, ಅವನು ಮತ್ತೆ ಮೊದಲಿನ ಹಾಗೆಯೇ ಅಲುಗದೆ ಕೂತ. ಉಮ್ಮ ಒಳಗೆ ಹೋಗಿ ಬಂದು ನನ್ನ ಒಂದು ಕೈಗೆ ಚಹಾದ ಲೋಟ, ಇನ್ನೊಂದು ಕೈಗೆ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ತುಂಬಿದ ತಟ್ಟೆ ಕೊಟ್ಟರು. ಅಣ್ಣನ ಎರಡು ಕೈಗೂ ಹಾಗೆಯೇ ಕೊಟ್ಟರು. ನಮ್ಮ ನಾಲ್ಕು ಕೈಯೂ ತುಂಬಿವೆಯೆಂದು ಖಾತ್ರಿ ಮಾಡಿಕೊಂಡು ಪರದೆಯ ಮುಂದೆ ಕೂತು ಹೇಳಿದರು:

"ಇನ್ನು ಅವನು ಎಷ್ಟು ಬೇಕಾದರೂ ಹ್ಯಾಂಗ್ ಆಗಲಿ."