ನನ್ನ ಲಿವರೂ ಅವ್ವನ ಮೂಗೂ

ಮೈಯಲ್ಲಿ ಕೆಡುವುದಕ್ಕೂ ಮರ್ಯಾದೆಯ ಜಾಗ, ಮರ್ಯಾದೆಗೆಟ್ಟ ಜಾಗ ಎಂದು ಎರಡಿವೆ. ಹಲ್ಲು ಕೆಟ್ಟರೆ ಜನ ಲವಂಗ ಕೊಡುತ್ತಾರೆ. ಕಣ್ಣು ಕೆಟ್ಟರೆ, ಪಾಪ, ಓದಿ ಓದಿ ಹೀಗಾಯಿತು ಎನ್ನುತ್ತಾರೆ. ನಮ್ಮ ವಂಶದಲ್ಲಿ ಮೊದಲು ಬಿ.ಎ. ಮುಗಿಸಿದವನು ನಾನು, ಕನ್ನಡಕವನ್ನು ಪದಕದಂತೆ ಹಾಕಿಕೊಂಡು ತಿರುಗಿದ್ದೇನೆ. ಆದರೆ ಆಮೇಲೆ ಕೆಟ್ಟದ್ದು ಲಿವರು. ಅದೂ ಪಾನನಿಷೇಧ ಜಾರಿಯಲ್ಲಿರುವ ಈ ಕಾಲದಲ್ಲಿ, ತೆಲುಗು ಗಡಿಯ ಆದೋನಿಯಲ್ಲಿ, ಹೈಸ್ಕೂಲು ಮೇಷ್ಟರಿಗೆ.

ತಿಂಗಳುಗಟ್ಟಲೆ ಸುಸ್ತು, ಊಟ ಕಂಡರೆ ವಾಕರಿಕೆ. ಬೋರ್ಡಿನ ಮೇಲೆ ಅರ್ಧ ವಾಕ್ಯ ಬರೆದು ಕುರ್ಚಿ ಹುಡುಕುತ್ತಿದ್ದೆ. ಬಳ್ಳಾರಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಮತ್ತೆ ಹೋದಾಗ ಡಾಕ್ಟರು, "ಲಿವರ್ ಪರೀಕ್ಷೆ ಸರಿ ಬಂದಿಲ್ಲ ಮೇಷ್ಟರೇ. ಕುಡೀತೀರೇನು?" ಎಂದರು. ಇಲ್ಲ ಎಂದೆ. "ಯಾವಾಗಾದರೂ?" ಇಲ್ಲ ಎಂದೆ. ಅವರು ಕಾಗದವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಇಬ್ಬರಲ್ಲಿ ಕಾಗದವನ್ನೇ ನಂಬಿದಂತೆ ಕಂಡಿತು. ಆಮೇಲೆ, ಕಾರಣ ಗೊತ್ತಾಗದೆಯೂ ಒಮ್ಮೊಮ್ಮೆ ಹೀಗಾಗುತ್ತದೆ, ಬೇಯಿಸಿದ್ದನ್ನು ತಿನ್ನಿ, ಕರಿದದ್ದು ಬೇಡ, ಕಂಡವರು ಕೊಟ್ಟ ಔಷಧಿ ಬೇಡ, ವಿಶ್ರಾಂತಿ ತೆಗೆದುಕೊಂಡು ಎರಡು ತಿಂಗಳು ಬಿಟ್ಟು ಬನ್ನಿ ಎಂದರು.

ಮನೆಯಲ್ಲಿ ಇರುವವರು ನಾನೂ ಅವ್ವನೂ. ನನ್ನಪ್ಪ ಹತ್ತಿ ಪ್ರೆಸ್ಸಿನಲ್ಲಿ ಹಮಾಲಿಯಾಗಿದ್ದ. ಕುಡಿದು ಕುಡಿದು ಹೊಟ್ಟೆ ಬಾತು ಸತ್ತ. ಆಗ ಆಸ್ಪತ್ರೆಯವರು ಹೇಳಿದ ಒಂದು ಮಾತು ಅವ್ವನ ನೆನಪಿನಲ್ಲಿ ಉಳಿದಿತ್ತು. ನಾನು ಕಲಿಸದೆ ಆಕೆಗೆ ಬರುವ ಇಂಗ್ಲಿಷ್ ಪದ ಅದೊಂದೇ. ನಾನು ಲಿವರ್ ಎಂದಕೂಡಲೇ ಮೊರ ಕೆಳಗಿಟ್ಟಳು.

"ಬಾಯಿ ತೆರಿ."

"ಅವ್ವಾ, ನಾ ಕುಡಿಯಂಗಿಲ್ಲ."

"ನಿಮ್ಮಪ್ಪನೂ ಇದನ್ನಽ ಅಂತಿದ್ದ. ಗೋಡಿ ಹಿಡ್ಕೊಂಡು ಅಂತಿದ್ದ."

ಅಂದಿನಿಂದ ನಾನು ಸ್ಕೂಲಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹೊಸ್ತಿಲಲ್ಲಿ ನನ್ನ ಬಾಯಿ ಮೂಸುವುದು ಶುರುವಾಯಿತು. ಷೇಕ್ಸ್‌ಪಿಯರ್ ಪಾಠ ಹೇಳಿ ಬಂದ ಬಾಯಿ! ಒಮ್ಮೆ ಏಲಕ್ಕಿ ಅಗಿದು ಬಂದೆ. "ಏನು ಮುಚ್ಚಾಕ ಇದನ್ನ ತಿಂದಿ?" ಎಂದಳು. ಏಲಕ್ಕಿಯನ್ನೂ ಬಿಟ್ಟೆ. ಊರೆಲ್ಲ ಶೇಂಗಾ ಎಣ್ಣೆಯ ಗಾಣ, ಸಂಜೆಯಾದರೆ ಬಜಾರಿನ ತುಂಬ ಮಿರ್ಚಿ ಕರಿಯುವ ವಾಸನೆ. ನಾನು ಮೂಗು ಮುಚ್ಚಿಕೊಂಡು ಮನೆಗೆ ಬಂದು ಸೋರೆಕಾಯಿ ಬೇಯಿಸಿದ್ದನ್ನು, ಜೋಳದ ಗಂಜಿಯನ್ನು ನುಂಗುತ್ತಿದ್ದೆ. ಪೆದ್ದಕಡುಬೂರಿನಿಂದ ಸೋದರಮಾವ ಬಂದು, ತೋಳಿಗೆ ಕಾದ ಕಬ್ಬಿಣದಿಂದ ಬರೆ ಹಾಕಿದರೆ ಮೂರೇ ದಿನಕ್ಕೆ ವಾಸಿ ಎಂದ. ನಾನು ಬಿ.ಎ. ಎಂದೆ. "ಬಿ.ಎ. ಆದವರಿಗೆ ತೋಳು ಇರಂಗಿಲ್ಲೇನು?" ಎಂದ. ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರು ನನ್ನನ್ನು ಬೇವಿನ ಮರದ ಹಿಂದೆ ಕರೆದುಕೊಂಡು ಹೋಗಿ, "ಸಾರ್, ಎಕ್ಕಡ ದೊರುಕುತುಂದಿ? ಎಲ್ಲಿ ಸಿಗತೈತಿ, ನಮಗೂ ಒಂದಿಷ್ಟು ಹೇಳ್ರಿ. ಒಬ್ಬರಽ ಲಿವರ್ ಕೆಡಿಸ್ಕೊಂಡ್ರ ಹೆಂಗ?" ಎಂದರು. ನಾನು ಕುಡಿಯುವುದಿಲ್ಲ ಎಂದದ್ದಕ್ಕೆ ಅವರಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಎರಡು ತಿಂಗಳ ನಂತರ ಮತ್ತೆ ರಕ್ತ ಕೊಟ್ಟೆ. ಲಿವರು ಮೊದಲಿಗಿಂತ ತುಸು ಹೆಚ್ಚೇ ಕೆಟ್ಟಿತ್ತು. ಪಥ್ಯ ಮುಂದುವರಿಸಿ, ನೋಡೋಣ ಎಂದರು ಡಾಕ್ಟರು. ಆ 'ನೋಡೋಣ'ವನ್ನು ರೈಲಿನಲ್ಲಿ ಆದೋನಿಯವರೆಗೂ ಹೊತ್ತು ತಂದೆ.

"ಏನಂದ್ರು?" ಎಂದಳು ಅವ್ವ.

"ಇಳಿದಿಲ್ಲವ್ವ."

ಆಕೆ ಬಾಯಿ ಮೂಸಲಿಲ್ಲ. "ಖರೇ ಹೇಳಪ್ಪಾ. ನೀ ಕುಡಿಯಂಗಽ ಇಲ್ಲೇನು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. ಇಷ್ಟು ಓದಿದ ನನಗೆ ಆಗ ತಿಳಿಯಿತು. ಮಗ ಕುಡುಕನಾಗಿದ್ದರೆ ಬಿಡುವುದಕ್ಕೆ ಏನೋ ಒಂದಿದೆ. ಅಪ್ಪ ಬಿಡಲಿಲ್ಲ, ಸತ್ತ. ಮಗ ಬಿಟ್ಟಾನು, ಬದುಕಿಯಾನು. ಕುಡಿಯದ ಮಗ ಏನು ಬಿಟ್ಟು ಬದುಕಬೇಕು?

"ಕುಡೀತಿದ್ದೆ ಅವ್ವಾ. ಇವತ್ತಿಗೆ ಬಿಟ್ಟೆ."

ಕೆನ್ನೆಗೆ ಒಂದು ಬಾರಿಸಿದಳು. ನಂತರ ಅಂಗೈಗೆ ವಿಭೂತಿ ಇಟ್ಟು ಆಣೆ ಮಾಡಿಸಿದಳು. ಅವತ್ತು ಬಹಳ ದಿನಗಳ ಮೇಲೆ ಇನ್ನೊಂದು ರೊಟ್ಟಿ ಹಾಕಿಕೊಂಡು ಹೊಟ್ಟೆ ತುಂಬ ಉಂಡಳು. ಮರುದಿನ ಓಣಿಯಲ್ಲೆಲ್ಲ ಹೇಳಿಬಂದಳು: "ಅವರಪ್ಪನ ಕೈಲಿ ಆಗಲಿಲ್ಲ. ನನ್ನ ಮಗ ಒಂದಽ ಮಾತಿಗೆ ಬಿಟ್ಟ. ಓದಿದ್ದು ಸುಮ್ನ ಅಲ್ಲ."

ಬಿ.ಎ. ಪಾಸಾದಾಗ ಈ ಓಣಿಯವರು ನನಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಈಗ ಹೆಂಗಸರು ತಮ್ಮ ಗಂಡಂದಿರನ್ನು ಬುದ್ಧಿ ಹೇಳಿಸಲು ನನ್ನ ಹತ್ತಿರ ಎಳೆದು ತರುತ್ತಾರೆ. ಆ ಗಂಡಂದಿರು ತಲೆ ತಗ್ಗಿಸಿ, ಬಿಡುವಾಗ ಬಹಳ ತ್ರಾಸಾಯಿತೇನ್ರಿ ಎಂದು ಕೇಳುತ್ತಾರೆ. ನಾನು ಬಲ ಪಕ್ಕೆಯ ಮೇಲೆ ಕೈಯಿಟ್ಟುಕೊಂಡು, "ಭಾಳ" ಎನ್ನುತ್ತೇನೆ. ಆ ತ್ರಾಸು ಮಾತ್ರ ಸುಳ್ಳಲ್ಲ.