ನಲವತ್ತು ಮೀಟರಿನ ಬಟ್ಟೆ ಕಂಬ

ಭೂಮಿಯ ಮೇಲೆ ಏನೇನಿದೆ ಎಂದು ಬರೆದುಕೊಳ್ಳಲು ಹೊರಟವರನ್ನು ಭೂಮಿಯ ಮೇಲಿರುವವರು ಸುಮ್ಮನೆ ಬಿಡುವುದಿಲ್ಲ. ಲೇಹ್‌ನಲ್ಲಿ ನನಗೆ ಹೀಗಾಗಿದೆ, ಜೋರ್ಹಾಟ್‌ನಲ್ಲಿ ಆಗಿದೆ. ನಮ್ಮ ಹಾವೇರಿ ಸೀಮೆಯಲ್ಲಿ ಆಗದಿದ್ದರೆ ನನಗೇ ಅವಮಾನ.

ಸೈನ್ಯದ ವಿಮಾನ ನಕ್ಷೆಗಳನ್ನು ತಿದ್ದುವುದು ನನ್ನ ಕೆಲಸವಾಗಿತ್ತು. ಪೈಲಟ್ ಹೊರಡುವ ಮೊದಲು ನಕ್ಷೆಯ ಮೇಲೆ ಗೆರೆ ಎಳೆಯುತ್ತಾನೆ, ಗೆರೆಯ ಅಕ್ಕಪಕ್ಕ ಅತಿ ಎತ್ತರದ್ದು ಯಾವುದೆಂದು ನೋಡುತ್ತಾನೆ, ಅದಕ್ಕಿಂತ ಮೇಲೆ ಹಾರುತ್ತಾನೆ. ನಕ್ಷೆಯಲ್ಲಿಲ್ಲದ ಕಂಬ ಅವನಿಗೆ ಗಾಳಿಯಲ್ಲೇ ಭೇಟಿಯಾಗುತ್ತದೆ. ಆಗ ಊರೂರಲ್ಲೂ ಮೊಬೈಲ್ ಟವರ್ ಏಳುತ್ತಿದ್ದ ಕಾಲ. ಒಂದು ಸೋಮವಾರ ಮೈಸೂರು ಕಡೆಯ ಎಳೆಯ ಕ್ಯಾಪ್ಟನ್ ಒಬ್ಬ ರಾಣೆಬೆನ್ನೂರಿನಿಂದ ಹಾವೇರಿಗೆ ಹೆಲಿಕಾಪ್ಟರಿನಲ್ಲಿ ತೀರಾ ತಗ್ಗಿನಲ್ಲಿ ಹಾರುವುದಿತ್ತು. ಅಷ್ಟರೊಳಗೆ ಒಂದು ಕಂಬವನ್ನೂ ಬಿಡಬಾರದೆಂದು ಹಟ ತೊಟ್ಟೆ.

೧. ಕೆಂಪು ಹೊಲ

ಕ್ಯಾಪ್ಟನ್ ತನ್ನ ಯೋಜನೆಯಲ್ಲಿ ಬ್ಯಾಡಗಿ ಹತ್ತಿರ ಬರೆದಿದ್ದ: "ದೊಡ್ಡ ಕೆಂಪು ಹೊಲ. ಇಲ್ಲಿ ಎಡಕ್ಕೆ ತಿರುಗುವುದು." ಫೆಬ್ರವರಿಯಲ್ಲಿ ಮೇಲಿಂದ ಕಂಡಿದ್ದನಂತೆ. ನಾನು ಹೋದದ್ದು ಮೇ ತಿಂಗಳಲ್ಲಿ. ಬರೀ ಬಯಲು. ಚೀಲ ಹೊಲಿಯುತ್ತಿದ್ದ ಅಜ್ಜಿಯನ್ನು ಕೇಳಿದೆ.

"ಹೊಲ ಎಲ್ಲೀದವ್ವಾ? ಅದು ಒಣಾ ಹಾಕಿದ ಮೆಣಸಿನಕಾಯಿ. ಚೀಲಕ್ಕ ತುಂಬಿ ಕೋಲ್ಡ್ ಸ್ಟೋರೇಜಿಗೆ ಕಳಿಸೇವಿ."

ಕ್ಯಾಪ್ಟನ್‌ಗೆ ಫೋನ್ ಮಾಡಿದೆ. "ನಿನ್ನ ತಿರುವು ಕೋಲ್ಡ್ ಸ್ಟೋರೇಜಿನಲ್ಲಿ ತಣ್ಣಗೆ ಮಲಗಿದೆಯಪ್ಪಾ. ಬೇರೆ ಗುರುತು ಹುಡುಕು."

೨. ಯಾವ ಟವರ್ರೀ?

ರಾಣೆಬೆನ್ನೂರಿನ ಹೊರಗೆ ಒಂದು ಕಿರಾಣಿ ಅಂಗಡಿಯ ಹಿತ್ತಲಲ್ಲಿ ಹೊಚ್ಚ ಹೊಸ ಟವರ್. ನಮ್ಮ ನಕ್ಷೆಯ ಹಾಳೆಯಲ್ಲಿಲ್ಲ, ಕ್ಯಾಪ್ಟನ್‌ನ ಗೆರೆಯ ಮೇಲೇ ಇದೆ. ನನ್ನನ್ನು ತೆರಿಗೆ ಕೇಳಲು ಬಂದ ನಗರಸಭೆಯವಳೆಂದು ತಿಳಿದ ಮಾಲೀಕ, ಟವರಿನ ನೆರಳಲ್ಲೇ ನಿಂತು ಕೇಳಿದ: "ಟವರ್? ಯಾವ ಟವರ್ರೀ?"

ಬೆರಳು ತೋರಿಸಿದೆ.

"ಅದಾ? ಬಟ್ಟೆ ಒಣಾ ಹಾಕೋ ಕಂಬರೀ."

"ನಲವತ್ತು ಮೀಟರ್?"

"ಮ್ಯಾಲ ಗಾಳಿ ಚಲೋ ಐತ್ರಿ."

೩. ಸಹಿ

ಎತ್ತರವನ್ನು ನಾನೇ ಅಳೆದುಕೊಂಡೆ. ಆದರೆ ನಮ್ಮ ಸಾಹೇಬರು ಮಾಲೀಕನ ಸಹಿ ಇಲ್ಲದೆ ನಕ್ಷೆಗೆ ಏರಿಸುವವರಲ್ಲ. ಗುರುವಾರ ಹೋದೆ: "ಮಾಲಕ್ರು ಊರಾಗಿಲ್ರೀ" ಎಂದು ಮಾಲೀಕನೇ ಹೇಳಿದ. ಶುಕ್ರವಾರ ಚಹಾ ಕುಡಿಸಿದ, ಸಹಿ ಮಾಡಲಿಲ್ಲ. ಶನಿವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಕೂತಿದ್ದೆ.

"ಅಕ್ಕಾರ, ನೀವು ಬಿಡಂಗಿಲ್ಲೇನ್ರಿ?"

"ಬಿಡಂಗಿಲ್ಲ. ಬಟ್ಟೆ ಕಂಬ ಅಂತನ ಬರೀರಿ. ಎತ್ತರ ಮಾತ್ರ ಖರೇ ಬರೀರಿ."

ಅವನ ಮುಖ ಅರಳಿತು. "ಬಟ್ಟೆ ಒಣಗಿಸುವ ಕಂಬ, ನಲವತ್ತು ಮೀಟರ್" ಎಂದು ನನ್ನ ಫಾರಂನಲ್ಲಿ ದುಂಡಗೆ ಬರೆದು ಸಹಿ ಹಾಕಿದ. ಆಮೇಲೆ ಅನುಮಾನ ಬಂತು. "ಯಾರಾರ ನೋಡಾಕ ಬರ್ತಾರೇನ್ರಿ?"

"ಸೋಮವಾರ. ಮ್ಯಾಲಿಂದ."

ಅಂದೇ ಸಾಹೇಬರು ಕಂಬವನ್ನು ಕ್ಯಾಪ್ಟನ್‌ನ ನಕ್ಷೆಗೆ ಏರಿಸಿದರು. ಸೋಮವಾರ ಮಧ್ಯಾಹ್ನ ಅವನು ಹಾವೇರಿಯಲ್ಲಿ ಇಳಿದು ಫೋನ್ ಮಾಡುವವರೆಗೆ ನಾನು ಊಟದ ಡಬ್ಬಿ ತೆರೆಯಲಿಲ್ಲ.

"ಮೇಡಂ, ಕಂಬ ನೀವು ಬರೆದ ಜಾಗದಲ್ಲೇ ಇತ್ತು. ನಕ್ಷೆಯಲ್ಲಿ ಇಲ್ಲದಿದ್ದರೆ ನೇರ ಅದಕ್ಕೇ ಹೋಗಿ ಬಡೀತಿದ್ದೆ."

ಡಬ್ಬಿಯ ಮುಚ್ಚಳ ತೆಗೆದೆ.

"ಆದರೆ ಮೇಡಂ, ಅದರ ಮೇಲೆ ಎರಡು ಪಂಚೆ, ಒಂದು ಕೆಂಪು ಪಟ್ಟೆ ಚಡ್ಡಿ ಒಣಗ್ತಿದ್ದವು. ಒಳ್ಳೇ ಗುರುತು. ಮುಂದಿನ ಸಲ ಚಡ್ಡಿ ಕಂಡ ಕೂಡಲೇ ಎಡಕ್ಕೆ ತಿರುಗಲಾ?"

"ಬೇಡಪ್ಪಾ," ಅಂದೆ. "ಮೆಣಸಿನಕಾಯಿ ಮೂರು ತಿಂಗಳಾದರೂ ಇತ್ತು. ಚಡ್ಡಿ ಸಂಜೆಗೇ ಒಳಗೆ ಹೋಗುತ್ತೆ."