ನಮ್ಮಣ್ಣನ ಎರಡು ಚಕ್ರದ ಮನೆ

ನಮ್ಮಣ್ಣ ಹೆಣ್ಣು ನೋಡಲು ಹೋದದ್ದು ಒಂದೇ ಒಂದು ಮನೆಗೆ. ಉಪ್ಪಿಟ್ಟು ತಿಂದ, ಒಪ್ಪಿದ, ಎದ್ದು ಬಂದ. ಅದೇ ಮನುಷ್ಯ ಜೀಪಿನ ಹಿಂದೆ ಕಟ್ಟಿ ಎಳೆಯುವ ಒಂದು ಗಾಡಿ ಆರಿಸಲು ಹದಿನಾಲ್ಕು ಕಡೆ ಅಲೆದ ಎಂದರೆ ನಂಬುತ್ತೀರಾ? ನಂಬಲೇಬೇಕು. ಹದಿನಾಲ್ಕು ಕಡೆಗೂ ಜೊತೆಗೆ ಹೋಗಿ ಮಾನ ಕಳೆದುಕೊಂಡವಳು ನಾನು!

ಗಾಡಿ ಎಂದರೆ ಸಾಮಾನು ಹೇರುವುದಲ್ಲ, ಕ್ಯಾಂಪಿಂಗ್ ಟ್ರೇಲರ್. ಮಂಚ, ಒಲೆ, ಕಮೋಡು ಎಲ್ಲ ಒಳಗೇ ಇದ್ದು, ಕಲ್ಲುಮಣ್ಣಿನ ದಾರಿಯಲ್ಲೂ ಜೀಪಿನ ಬೆನ್ನು ಹತ್ತಿ ಬರುವ ಪುಟ್ಟ ಮನೆ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗಗಳ ಅಳತೆ ಪರೀಕ್ಷಿಸಿ, ನಿವೃತ್ತನಾಗಿ, ರಾಮಮೂರ್ತಿ ನಗರದಲ್ಲಿ ಹಳೇ ಜೀಪು ತೊಳೆಯುತ್ತಾ ಕೂತಿದ್ದವನಿಗೆ ಇದೆಲ್ಲ ಯಾಕೆ?

ಅತ್ತಿಗೆಗಾಗಿ.

ನನ್ನ ತವರಿನ ಮನೆದೇವರು ಕನಕಪುರದಾಚೆ ಕುರುಚಲು ಕಾಡಿನಲ್ಲಿದ್ದಾನೆ. ಕಾರ್ತಿಕದ ಒಂದು ಭಾನುವಾರ ಮನೆಯ ಹಿರಿಯ ದಂಪತಿ ಹೋಗಿ, ಗುಡಿಯ ಮುಂದಿನ ಬಯಲಲ್ಲೇ ತಂಗಿ, ಸೋಮವಾರದ ಮೊದಲ ಪೂಜೆ ಮಾಡಿಸಬೇಕು. ಒಬ್ಬರೇ ಹೋದರೆ ಸಲ್ಲುವುದಿಲ್ಲ. ಅಲ್ಲಿ ಛತ್ರವಿಲ್ಲ, ಬಚ್ಚಲಿಲ್ಲ. ಕಡೆಯ ನಾಲ್ಕು ಕಿಲೋಮೀಟರು ರಸ್ತೆಯೂ ಇಲ್ಲ. ಆರು ವರ್ಷದ ಹಿಂದೆ ಅತ್ತಿಗೆ ಜಾರಿಬಿದ್ದು ಬಲಗಾಲಿನ ಮಂಡಿ ಮಡಿಸಲಾಗದಂತಾಯಿತು. ನೆಲದ ಮೇಲೆ ಕೂರಲಾರರು, ಬಯಲಿಗೆ ಹೋಗಲಾರರು. ಅಂದಿನಿಂದ ಪ್ರತಿ ಕಾರ್ತಿಕದಲ್ಲೂ ಆ ಭಾನುವಾರ ದೇವರ ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದರು.

ಕಳೆದ ವರ್ಷ ಮಾತ್ರ ನನ್ನ ಮುಂದೆ ಬಾಯಿಬಿಟ್ಟರು. "ಇನ್ನು ಈ ಜನ್ಮದಲ್ಲಿ ಅವನ ಮುಖ ನೋಡೋಕಾಗಲ್ಲ ಬಿಡೇ."

ಪೇಪರ್ ಓದುತ್ತಿದ್ದ ಅಣ್ಣ ತಲೆ ಎತ್ತದೆ, "ಮುಂದಿನ್ ಕಾರ್ತಿಕಕ್ಕೆ ಮನೇನೇ ಎಳ್ಕೊಂಡ್ ಹೋಗೋಣ" ಎಂದ.

ನಾವಿಬ್ಬರೂ ನಕ್ಕೆವು. ನಗಬಾರದಿತ್ತು!

ಅವನ ಕೈಯಲ್ಲಿದ್ದದ್ದು ಎರಡು ಲಕ್ಷ. ಅದರಾಚೆ ಒಂದು ರೂಪಾಯಿ ಇಲ್ಲ. ಹುಡುಕಾಟಕ್ಕೆ ನನ್ನನ್ನು ಕಮ್ಮನಹಳ್ಳಿಯಿಂದ ಎಳೆದುಕೊಂಡು ಹೋಗುತ್ತಿದ್ದದ್ದು ಸಲಹೆಗಾಗಿ ಎಂದುಕೊಂಡಿದ್ದೆ. ಅಲ್ಲ. ನನ್ನದೂ ಅತ್ತಿಗೆಯದೂ ಒಂದೇ ಎತ್ತರ, ಹೆಚ್ಚುಕಡಿಮೆ ಒಂದೇ ತೂಕ. (ಹೆಚ್ಚು ಯಾರದು, ಕಡಿಮೆ ಯಾರದು ಎಂದು ಕೇಳಬೇಡಿ.) ಅಂದರೆ ನಾನು ಅಳತೆಯ ಗೊಂಬೆ!

ಮೊದಲು ಹೋದದ್ದು ಇಂದಿರಾನಗರದ ಶೋರೂಮಿಗೆ. ಎ.ಸಿ. ತಂಪು, ಗಾಜಿನ ಗೋಡೆ, ಒಳಗೆ ಮದುಮಗಳ ಹಾಗೆ ಮಿರುಗುವ ಟ್ರೇಲರ್. ನಾನು ಮೆಟ್ಟಿಲು ಹತ್ತಲು ಕಾಲೆತ್ತಿದೆನೋ ಇಲ್ಲವೋ, ಹಿಂದಿನಿಂದ ಅಣ್ಣನ ಕೂಗು: "ಬಲಗಾಲು ಮಡಿಸ್ಬೇಡ! ನೀನೀಗ ನಿಮ್ಮತ್ತಿಗೆ!"

ಕಾಲನ್ನು ಒನಕೆಯಂತೆ ನೆಟ್ಟಗೆ ಚಾಚಿ, ಬಾಗಿಲ ಚೌಕಟ್ಟು ಹಿಡಿದು, ಸೀರೆ ಸಂಭಾಳಿಸಿಕೊಂಡು ಹತ್ತಿದೆ. ಮಂಚದ ಮೇಲೆ ಮಲಗಿಸಿದ. ಎಬ್ಬಿಸಿದ. ಮತ್ತೆ ಮಲಗು ಎಂದ. ಕೊನೆಗೆ, "ಆ ಕಮೋಡ್ ಮೇಲೆ ಒಂದ್ಸಲ ಕೂತು ಎದ್ಬಿಡು" ಎಂದ.

"ಅಣ್ಣ, ಜನ ನೋಡ್ತಿದಾರೆ!"

"ನೋಡ್ಲಿ ಬಿಡು, ಮುಚ್ಚಳ ಹಾಕಿದೆಯಲ್ಲ."

ದೇವರ ದಯೆ, ಅಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ.

ಟೈ ಕಟ್ಟಿದ್ದ ಸೇಲ್ಸ್‌ನವನು ಬೆಲೆ ಹೇಳಿದ. ಏಳು ಲಕ್ಷ. ಅಣ್ಣ ಬೆಚ್ಚಲಿಲ್ಲ. "ಈ ಟಿ.ವಿ., ಫ್ರಿಜ್ಜು, ನೀಲಿ ದೀಪ, ಹೊರಗಡೆ ಕೊಡೆ, ಇದೆಲ್ಲ ಕಿತ್ತಾಕಿದ್ರೆ ಎಷ್ಟಾಗುತ್ತೆ?"

"ಸರ್, ಎಲ್ಲಾ ಕಿತ್ತಾಕಿದ್ರೆ ಏನೂ ಉಳಿಯಲ್ಲ ಸರ್."

"ಚಕ್ರ ಉಳಿಯುತ್ತಲ್ಲಪ್ಪ?"

ಅಣ್ಣನ ಇನ್ನೊಂದು ಪರೀಕ್ಷೆ ಬಿಂದಿಗೆಯದು. ಗಾಡಿಯ ಹೊಟ್ಟೆ ನೆಲದಿಂದ ಎಷ್ಟು ಮೇಲಿದೆ ಎಂದು ಎಲ್ಲರೂ ಟೇಪು ಹಿಡಿದು ನೋಡುತ್ತಾರೆ. ಇವನು ಮನೆಯ ಹಸಿರು ಪ್ಲಾಸ್ಟಿಕ್ ಬಿಂದಿಗೆಯನ್ನು ನಿಲ್ಲಿಸಿ ಅಡಿಯಲ್ಲಿ ತಳ್ಳುತ್ತಿದ್ದ. ಗುಡಿಯ ದಾರಿಯ ಅತಿ ದೊಡ್ಡ ಕಲ್ಲು ಬಿಂದಿಗೆಯಷ್ಟೇ ಎತ್ತರವಂತೆ. ಹೋಗಿ ನೋಡಿಕೊಂಡು ಬಂದಿದ್ದ! ಹಲಸೂರಿನಲ್ಲಿ ಒಬ್ಬರು, ಇವನು ಬಿಂದಿಗೆ ಹಿಡಿದು ಒಳಗೆ ಬರುವುದನ್ನು ಕಂಡವರೇ, "ನಲ್ಲಿ ಹಿಂದ್ಗಡೆ ಇದೆ, ಹಿಡ್ಕೊಳಿ" ಎಂದು ದಾರಿ ತೋರಿಸಿದರು.

ಕೆ.ಆರ್. ಪುರದವನೊಬ್ಬ ತನ್ನ ಸೆಕೆಂಡ್‌ಹ್ಯಾಂಡ್ ಟ್ರೇಲರ್ ಎಂಥ ಕಾಡುದಾರಿಗೂ ಸೈ ಎಂದು ಕೊಚ್ಚಿಕೊಂಡ. "ಹೊಸಕೋಟೆ ಆಚೆ ಗುಡ್ಡ ಇದೆ, ಬನ್ನಿ ಸರ್, ಟ್ರಯಲ್ ನೋಡೋಣ."

"ಅಷ್ಟು ದೂರ ಯಾಕೆ? ನಮ್ಮ ಕ್ರಾಸಿಗೇ ಬನ್ನಿ" ಎಂದ ಅಣ್ಣ. ಪೈಪು ಹಾಕಲು ಅಗೆದ ನಮ್ಮಣ್ಣನ ಬೀದಿ ಎಂಟು ತಿಂಗಳಿಂದ ಹಾಗೇ ಬಿದ್ದಿತ್ತು. ಕಾಡಿಗೆ ಅಂಜದ ಆ ಗಾಡಿ ನಾಲ್ಕನೇ ಮನೆಯ ಮುಂದಿನ ಗುಂಡಿಯಲ್ಲಿ ಒಂದು ಚಕ್ರ ಊರಿ ಕೂತುಬಿಟ್ಟಿತು. ಎತ್ತಲು ಹನ್ನೊಂದು ಜನ ಬೇಕಾಯಿತು. ಎಲ್ಲರಿಗೂ ನಾನೇ ಕಾಫಿ ಮಾಡಿದೆ. ಪುಣ್ಯಕ್ಕೆ ಹಾಲು ಸಾಲಿತು.

ಹೀಗೆ ಹದಿಮೂರು ಗಾಡಿ ಪರೀಕ್ಷೆಯಲ್ಲಿ ಬಿದ್ದುಹೋದವು. ಮೆಟ್ಟಿಲು ಸರಿಯಿದ್ದರೆ ಬಿಂದಿಗೆ ನುಗ್ಗದು, ಬಿಂದಿಗೆ ನುಗ್ಗಿದರೆ ಬೆಲೆ ಹೊಂದದು. ಕಾರ್ತಿಕ ಹತ್ತಿರ ಬಂತು. ಅತ್ತಿಗೆಯಂತೂ, "ಬಿಡ್ರೀ, ಸಾಕು ಅಲೆದಿದ್ದು" ಎನ್ನತೊಡಗಿದ್ದರು.

ಹದಿನಾಲ್ಕನೆಯದು ಸಿಕ್ಕಿದ್ದು ಶಿವಾಜಿನಗರದಲ್ಲಿ. ವೆಲ್ಡಿಂಗ್ ಅಂಗಡಿಯ ಸಾಹೇಬರ ಬಳಿ ಯಾರೋ ಅರ್ಧ ಕಟ್ಟಿಸಿ ಬಿಟ್ಟುಹೋದ ಗಾಡಿಯಿತ್ತು. ಗಟ್ಟಿ ಚಾಸಿ, ಒಳ್ಳೆಯ ಪಟ್ಟಿ ಸ್ಪ್ರಿಂಗು, ಕಾಗದಪತ್ರವೂ ಸರಿ. ಬಿಂದಿಗೆ ಸಲೀಸಾಗಿ ಆಚೆ ಹೋಯಿತು. ಎರಡು ಲಕ್ಷದೊಳಗೆ ಮುಗಿಸಿಕೊಡಲು ಸಾಹೇಬರು ಒಪ್ಪಿದರು. ಅಣ್ಣ ಜೇಬಿನಿಂದ ಅಳತೆಯ ಚೀಟಿ ತೆಗೆದ. ಒಂದೊಂದು ಮೆಟ್ಟಿಲೂ ಆರಿಂಚು. ಹಿಡಿಕೆ ಎಡಗಡೆ. ಕಮೋಡಿನ ಮುಂದೆ ಕಾಲು ಚಾಚಲು ಮೂರಡಿ.

"ಲೈಟಿಂಗು ಸಾಬ್?"

"ಒಂದು ಬಲ್ಬು."

"ಮ್ಯೂಸಿಕ್ಕು?"

"ನಮ್ಮನೆಯವಳು ಭಜನೆ ಹೇಳ್ತಾಳೆ."

ಸಾಹೇಬರು ನನ್ನ ಕಡೆ ತಿರುಗಿದರು. "ಅಮ್ಮಾ, ಇವ್ರು ಗಾಡಿ ಮಾಡಿಸ್ತಾರಾ, ಬ್ಲೌಸ್ ಹೊಲಿಸ್ತಾರಾ?"

ಒಂದು ಶುಕ್ರವಾರ ಬೆಳಿಗ್ಗೆ ಗಾಡಿ ಮನೆಗೆ ಬಂತು. ಸಾಹೇಬರೇ ತಲುಪಿಸಲು ಬಂದಿದ್ದರು. ಪೂಜೆಗೆ ಕರೆಸಿದ್ದ ಪುರೋಹಿತರು ಎರಡು ಸುತ್ತು ಬಂದು ತಲೆ ಕೆರೆದುಕೊಂಡರು.

"ಇದು ವಾಹನವೋ, ಗೃಹವೋ?"

"ಚಕ್ರ ಇದೆಯಲ್ಲ, ವಾಹನ" ಎಂದೆ ನಾನು.

"ಹೊಸಿಲಿದೆ, ಒಲೆಯಿದೆ. ಮನೆ ಕಣಮ್ಮ!" ಎಂದ ಅಣ್ಣ.

ಪುರೋಹಿತರು ಎರಡೂ ಮಾಡಿಬಿಡೋಣ ಎಂದರು. ದಕ್ಷಿಣೆಯೂ ಎರಡು! ಸಾಹೇಬರು ಚಕ್ರದಡಿ ನಿಂಬೆಹಣ್ಣು ಇಟ್ಟರು, ನಾನು ಒಳಗೆ ಹಾಲು ಉಕ್ಕಿಸಿದೆ. ಹೊಸ ಒಲೆ ಒರೆಸಿದವಳೂ ನಾನೇ.

"ಬಲಗಾಲಿಟ್ಟು ಬನ್ನಿ" ಎಂದರು ಪುರೋಹಿತರು, ಅಭ್ಯಾಸಬಲದಿಂದ. ಆಮೇಲೆ ಅತ್ತಿಗೆಯ ಕಾಲು ನೋಡಿ ನಾಲಿಗೆ ಕಚ್ಚಿಕೊಂಡರು. ಅತ್ತಿಗೆ ಎಡಗೈಯಲ್ಲಿ ಹಿಡಿಕೆ ಹಿಡಿದು, ಮಡಿಸಲಾರದ ಆ ಬಲಗಾಲನ್ನೇ ಎತ್ತಿ ಆರಿಂಚಿನ ಮೊದಲ ಮೆಟ್ಟಿಲ ಮೇಲಿಟ್ಟರು. ಯಾರೂ ಕೈ ಕೊಡಬೇಕಾಗಲಿಲ್ಲ. ಒಳಗೆ ಹೋಗಿ ಮಲಗಿದರು, ಎದ್ದು ಕೂತರು. ಅಣ್ಣ ಹೊರಗೆ ಅಳತೆಯ ಚೀಟಿ ಹಿಡಿದು ನಿಂತಿದ್ದ.

"ರೀ, ಎಲ್ಲಾ ಚೆನ್ನಾಗಿದೆ. ನೀವೆಲ್ಲಿ ಮಲಗೋದು?"

ಅಣ್ಣ ಕಣ್ಣು ಪಿಳುಕಿಸಿದ. ಮೂವತ್ತು ವರ್ಷ ಕೂದಲೆಳೆಯಷ್ಟು ತಪ್ಪನ್ನೂ ಹಿಡಿದವನು, ಮಂಚದ ಅಗಲವನ್ನು ಒಬ್ಬರಿಗಷ್ಟೇ ಬರೆದುಕೊಟ್ಟಿದ್ದ! ನನಗೆ ನಗು ತಡೆಯಲಾಗಲಿಲ್ಲ.

"ನಾನಾ?" ಎಂದ. "ಕೆಳಗಡೆ ಚಾಪೆ ಹಾಕ್ಕೋತೀನಿ. ದಿನಾ ಹಾಗೇ ತಾನೆ?"

ನನ್ನ ನಗು ಅಲ್ಲೇ ನಿಂತಿತು. ಅತ್ತಿಗೆ ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದರು. ಅವರು ಬಿದ್ದ ದಿನದಿಂದ ಇವನು ಅವರ ಮಂಚದ ಪಕ್ಕ ನೆಲದ ಮೇಲೇ ಮಲಗುತ್ತಾನಂತೆ. ರಾತ್ರಿ ಬಚ್ಚಲಿಗೆ ಏಳಬೇಕಾದಾಗ ಅವರು ಕೈ ಇಳಿಬಿಟ್ಟರೆ ಇವನ ತಲೆ ತಗುಲಬೇಕು, ಅಷ್ಟು ಹತ್ತಿರ. ವಾರಕ್ಕೆರಡು ಸಲ ಆ ಮನೆಗೆ ಹೋಗಿ ಬರುವ ನನಗೆ ಇದು ಗೊತ್ತೇ ಇರಲಿಲ್ಲ.

ಸಾಹೇಬರು ಟೇಪು ತೆಗೆದು ಒಳಗೆ ಹತ್ತಿದರು. "ಕೀಲು ಹಾಕಿ ಒಂದು ಹಲಗೆ ಕೊಡ್ತೀನಿ ಸಾಬ್. ಬಿಚ್ಚಿದ್ರೆ ಮಂಚ, ಮಡಚಿದ್ರೆ ಗೋಡೆ."

"ದುಡ್ಡು ಮುಗೀತು ಭಾಯ್."

"ನಾನು ಕೇಳಿದ್ನಾ?"

ಕಾರ್ತಿಕದ ಆ ಭಾನುವಾರ ಗಂಡ ಹೆಂಡತಿ ಇಬ್ಬರೇ ಹೊರಟರು. ಸೋಮವಾರ ಏಳಕ್ಕೆ ಮೊದಲ ಪೂಜೆ. ನಾನು ಇಲ್ಲಿ ಸ್ನಾನ ಮಾಡಿ ದೀಪ ಹಚ್ಚಿ ಕಾದೆ. ಫೋನ್ ಬಂದದ್ದು ಎಂಟೂವರೆಗೆ.

"ಪೂಜೆ ಆಯ್ತಾ ಅತ್ತಿಗೆ?"

"ಎಲ್ಲಿ ಕಣೇ! ನಿಮ್ಮಣ್ಣ ಇನ್ನೂ ಎದ್ದಿಲ್ಲ. ರಾತ್ರಿ ನಾನೊಬ್ಬಳೇ ಎರಡ್ ಸಲ ಎದ್ದು ಬಚ್ಚಲಿಗೆ ಹೋಗ್ಬಂದೆ, ಹಿಡಿಕೆ ಹಿಡ್ಕೊಂಡು. ಅವರಿಗೆ ಎಚ್ಚರಾನೇ ಇಲ್ಲ. ಪೂಜಾರಪ್ಪ ಬಂದು ಬಂದು ಇಣುಕಿ ಹೋಗ್ತಿದಾರೆ."

ಪೂಜೆಯ ಹೊತ್ತು ಮೀರಿದರೆ ಚಡಪಡಿಸುವವಳು ನಾನು. ಆದರೂ ಬಾಯಿಂದ ಬಂದದ್ದು ಬೇರೆಯೇ. "ಎಬ್ಬಿಸ್ಬೇಡಿ ಅತ್ತಿಗೆ. ಆರು ವರ್ಷ ಕಾದ ದೇವರು ಇನ್ನೊಂದು ಗಂಟೆ ಕಾಯ್ತಾನೆ."

"ಅಲ್ವಾ?" ಎಂದರು ಅತ್ತಿಗೆ. "ಈಗ್ತಾನೆ ಗುಡಿ ಬಾಗಿಲಿಗೆ ನಡ್ಕೊಂಡು ಹೋಗಿ, ಅವನಿಗೂ ಅದನ್ನೇ ಹೇಳಿ ಬಂದೆ."